ಸಮುದ್ರದ ಮೇಲೆ ಬಿದ್ದ ನೆರಳು

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಟೆರೇಸಿನ ನೀರು ಇಳಿಯುವ ತೂತಿಗೆ ಬೇವಿನೆಲೆ ಕಟ್ಟಿಕೊಂಡಿತ್ತು, ಕಡ್ಡಿ ಹಾಕಿ ಬಿಡಿಸಿದೆ. ನಡುಮನೆಯ ಹಗ್ಗದ ಮೇಲೆ ಒಣಗದೆ ಕೂತಿದ್ದ ಟವೆಲುಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒಣಗಿಸಿದೆ. ಗ್ಯಾಸಿನವನಿಗೆ ಫೋನ್ ಮಾಡಿದೆ. ಮಗಳ ಮಳೆಕೋಟಿನ ಗುಂಡಿ ಹೊಲಿದೆ. ಪ್ಯಾರೀಸ್ ಕಾರ್ನರಿಗೆ ಹೋಗಿ ಮುತ್ತುಗದೆಲೆ, ಒಂದು ಕಟ್ಟು ದರ್ಭೆ, ಕರಿ ಎಳ್ಳು ತಂದೆ. ನಮ್ಮ ಮಾಂಬಲದಲ್ಲೂ ಇವೆಲ್ಲ ಸಿಗುತ್ತವೆ. ಆದರೆ ನಮ್ಮ ಮಾವ ಅಲ್ಲಿಂದಲೇ ತರುತ್ತಿದ್ದರು, ಆ ಅಭ್ಯಾಸ ಬಿಡಲಾಗಿಲ್ಲ. ಮಳೆಗೆ ಎಳ್ಳು ತೇವ ಹಿಡಿದಿತ್ತು. ಕಲ್ಲು ಆರಿಸಿ, ಬಿಸಿಲಿಲ್ಲದ್ದಕ್ಕೆ ಬಾಣಲೆಗೆ ಹಾಕಿ, ಸಣ್ಣ ಉರಿಯಲ್ಲಿ ಸ್ವಲ್ಪ ಬೆಚ್ಚಗೆ ಮಾಡಿದೆ.

ಎಳ್ಳು ಬಿಸಿಯಾದ ಕೂಡಲೇ ಏಳುವ ಆ ವಾಸನೆ ಅಡುಗೆಮನೆ ದಾಟಿ, ಪರದೆ ದಾಟಿ, ಮುಂದಿನ ಕೋಣೆಗೆ ಹೋಯಿತು. ಅಲ್ಲಿ ಕಿಟಕಿ ಪಕ್ಕದ ಬೆತ್ತದ ಕುರ್ಚಿ ಖಾಲಿ ಇತ್ತು. ಒಲೆ ಆರಿಸಿ ಹೋಗಿ ಸ್ವಲ್ಪ ಹೊತ್ತು ಅದರ ಪಕ್ಕದಲ್ಲಿ ನಿಂತೆ.

ನಾಳೆ ದೊಡ್ಡಮಾವನ ತಿಥಿ. ದೊಡ್ಡಮಾವ ಎಂದರೆ ನಮ್ಮ ಮಾವನ ಅಣ್ಣ, ನಮ್ಮ ಯಜಮಾನರಿಗೆ ದೊಡ್ಡಪ್ಪ. ಹೊರಗಿನವರಿಗೆ ಅವರು ಪುಟ್ಟ ವಿಮಾನದಲ್ಲಿ ಒಬ್ಬರೇ ಮದರಾಸಿನಿಂದ ಆಸ್ಟ್ರೇಲಿಯಾಕ್ಕೆ ಹೋಗಿ ಬಂದವರು. ಈ ಊರಿನಿಂದ ಹಾಗೆ ಹೋದವರು ಅವರಿಗಿಂತ ಮುಂಚೆ ಯಾರೂ ಇರಲಿಲ್ಲ. ಆ ಹಾರಾಟದ ಕಥೆಯನ್ನು ಪತ್ರಿಕೆಯವರು ಬೇಕಾದಷ್ಟು ಸಲ ಬರೆದಿದ್ದಾರೆ. ಕೋಡಂಬಾಕ್ಕಂನಿಂದ ಒಬ್ಬ ನಿರ್ಮಾಪಕರು ಸಿನಿಮಾ ಮಾಡುತ್ತೇನೆಂದು ವರ್ಷಗಟ್ಟಲೆ ಓಡಾಡಿ, ಕೊನೆಗೆ ಹಾಡುಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೈಬಿಟ್ಟರಂತೆ. ನನಗೆ ಗೊತ್ತಿರುವುದು ನಮ್ಮ ಮಾವ ತೀರಿಕೊಂಡ ವರ್ಷದ ಮಳೆಗಾಲ. ಅದನ್ನು ಬರೆದಿಡುತ್ತೇನೆ.

ಅದಕ್ಕೆ ಮುಂಚೆ ಹಳೆಯದೊಂದಿಷ್ಟು ಹೇಳಬೇಕು. ಇದು ನಾನು ಈ ಮನೆಗೆ ಬರುವುದಕ್ಕೆ ಬಹಳ ಹಿಂದಿನ ಮಾತು, ಆಗ ಹೈಸ್ಕೂಲಿನಲ್ಲಿದ್ದ ನಮ್ಮ ಮಾವ ಕಣ್ಣಾರೆ ಕಂಡು ನನಗೆ ಹೇಳಿದ್ದು.

ಮನೆ ಆಗ ತಿರುವಲ್ಲಿಕ್ಕೇಣಿಯಲ್ಲಿತ್ತು. ದೊಡ್ಡಮಾವನಿಗೆ ಇಪ್ಪತ್ತೈದು ದಾಟಿತ್ತೋ ಇಲ್ಲವೋ. ವಿಮಾನಕ್ಕೆ ಎರಡೇ ಸೀಟು, ಹಿಂದಿನದನ್ನು ಕಿತ್ತು ಅಲ್ಲಿ ಪೆಟ್ರೋಲ್ ಟ್ಯಾಂಕು ಕೂರಿಸಿದ್ದರು. ಕಲ್ಕತ್ತಾ, ರಂಗೂನ್, ಸಿಂಗಪುರ, ಜಾವಾ ಎಂದು ಇಳಿದು ಇಳಿದು ಹೋಗಿ, ಕೊನೆಗೆ ತಿಮೋರ್ ಸಮುದ್ರ ದಾಟಿ ಡಾರ್ವಿನ್ ಸೇರಿದರು. ಬರುವಾಗ ಪೋರ್ಟ್ ಬ್ಲೇರಿನಿಂದ ಎಲ್ಲೂ ನಿಲ್ಲದೆ ಬಂಗಾಳ ಕೊಲ್ಲಿಯ ಮೇಲೆ ಹಾಯ್ದು ಮೀನಂಬಾಕ್ಕಂನಲ್ಲಿ ಇಳಿದರು. ಅಲ್ಲಿಂದ ತೆರೆದ ಕಾರಿನಲ್ಲಿ, ಕುತ್ತಿಗೆ ಕಾಣದಷ್ಟು ಹಾರ ಹಾಕಿ, ಮೌಂಟ್ ರೋಡಿನ ಮೇಲೆ ಮೆರವಣಿಗೆಯಲ್ಲಿ ಕರೆತಂದರು. ಬೀದಿ ತುಂಬ ಜನ. ಕಾರು ಮನೆ ಮುಂದೆ ನಿಂತಿತು. ಹೊಸ್ತಿಲಲ್ಲಿ ಅಜ್ಜಿ, ಅಂದರೆ ಅವರ ತಾಯಿ, ನಿಂತಿದ್ದರು. ಗಂಡ ಹೋದ ಮೇಲೆ ಮಡಿ ಹಿಡಿದ ಹೆಂಗಸು, ಆಚಾರದಲ್ಲಿ ಒಂದು ಎಳೆ ಆಚೀಚೆ ಆಗಲು ಬಿಟ್ಟವರಲ್ಲ.

"ಸಮುದ್ರ ದಾಟಿ ಬಂದಿದೀಯ. ಪ್ರಾಯಶ್ಚಿತ್ತ ಮಾಡ್ಕೊಂಡು ಒಳಗೆ ಬಾ," ಎಂದರಂತೆ.

ದೊಡ್ಡಮಾವ ನಕ್ಕರು. "ನಾನು ಸಮುದ್ರ ಮುಟ್ಟೇ ಇಲ್ಲಮ್ಮ. ಒಂದು ಹನಿ ತಾಕಿಲ್ಲ. ಮೇಲೇ ಹೋದೆ, ಮೇಲೇ ಬಂದೆ."

"ನಿನ್ನ ನೆರಳು ಬಿತ್ತಲ್ಲ ಅದರ ಮೇಲೆ?"

ಎಲ್ಲದಕ್ಕೂ ಉತ್ತರವಿದ್ದ ಅಣ್ಣ ಆ ಮಾತಿಗೆ ಹೊಸ್ತಿಲಿನಿಂದ ಕಾಲು ಹಿಂದೆಗೆದ ಎಂದು ಮಾವ ಹೇಳುತ್ತಿದ್ದರು. ತಿರುಗಿ ಜಗುಲಿಯ ಮೇಲೆ ಕೂತರು. ಅಜ್ಜಿ ಒಳಗೆ ಹೋಗಿ ಎಲೆ ತಂದು ಜಗುಲಿಯಲ್ಲೇ ಹಾಕಿ, ತಮ್ಮ ಕೈಯಾರೆ ಬಡಿಸಿದರು. ಹುಳಿಯನ್ನ, ಮೊಸರನ್ನ, ಹಪ್ಪಳ. ಹಾರಗಳನ್ನು ಪಕ್ಕಕ್ಕಿಟ್ಟು ಅವರು ಉಂಡರು. ಬೀದಿಯ ಜನ ನೋಡುತ್ತ ನಿಂತಿದ್ದರು.

ಅಲ್ಲಿಂದಾಚೆ ಇಬ್ಬರೂ ಬಗ್ಗಲಿಲ್ಲ. ಪ್ರಾಯಶ್ಚಿತ್ತವೆಂದರೆ ದೊಡ್ಡದೇನಲ್ಲ, ಪಂಚಗವ್ಯ ಕುಡಿದು, ಜನಿವಾರ ಬದಲಿಸಿ, ಸಂಕಲ್ಪದಲ್ಲಿ ಸಮುದ್ರ ದಾಟಿದ ದೋಷ ಹೋಗಲಿ ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟೇ. ಅಜ್ಜಿ ಕೇಳಿದ್ದು ಆ ಒಂದು ಮಾತು. ದೊಡ್ಡಮಾವ ಹೇಳಲಾರೆ ಎಂದದ್ದೂ ಅದನ್ನೇ. ಅವರು ಬೇರೆ ಮನೆ ಮಾಡಿದರು, ಮದುವೆಯಾಗಲಿಲ್ಲ. ಹಬ್ಬಕ್ಕೆ ಬಂದರೆ ಜಗುಲಿಯಲ್ಲೇ ಕೂತು ತಾಯಿಯ ಕೈಯ ಕಾಫಿ ಕುಡಿದು ಹೋಗುತ್ತಿದ್ದರು. ಅಜ್ಜಿಯೂ ಅಷ್ಟೇ. ಮನೆ ಮೇಲೆ ವಿಮಾನದ ಸದ್ದಾದರೆ ಒಲೆ ಮುಂದಿದ್ದವರು ಎದ್ದು ಹಿತ್ತಲಿಗೆ ಬಂದು ತಲೆಯೆತ್ತಿ ನೋಡುತ್ತಿದ್ದರಂತೆ. ಕಣ್ಣು ಕಾಣದಾದ ಮೇಲೂ ಬಂದು ನಿಲ್ಲುತ್ತಿದ್ದರಂತೆ. ಆದರೆ ಮಗನನ್ನು ಒಳಗೆ ಕರೆಯಲಿಲ್ಲ.

ಅವರು ತೀರಿಕೊಂಡಾಗ ಬೆಂಕಿಯಿಟ್ಟವರು ನಮ್ಮ ಮಾವ. ಹಿರಿಯ ಮಗ ಅಂಗಿ ತೊಟ್ಟು ಹಿಂದೆ ನಿಂತಿದ್ದರು. ಆಮೇಲೆ ಪ್ರತಿ ವರ್ಷ ಅಜ್ಜಿಯ ಶ್ರಾದ್ಧವನ್ನೂ ಮಾವನೇ ಮಾಡಿದರು. ತಿರುವಲ್ಲಿಕ್ಕೇಣಿಯ ಮನೆ ಹೋಗಿ ಈ ಮಾಂಬಲದ ಫ್ಲಾಟಿಗೆ ಬಂದರೂ ಅಜ್ಜಿ ಎಳೆದ ಗೆರೆ ನಮ್ಮ ಜೊತೆಗೇ ಬಂತು. ಶ್ರಾದ್ಧದ ದಿನ ದೊಡ್ಡಮಾವ ಬೆಳಿಗ್ಗೆಯೇ ಬಂದು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರುವರು. ಪರದೆಯ ಈಚೆ ಮಂತ್ರ ನಡೆಯುವುದು. ಕಾಗೆ ಪಿಂಡ ಮುಟ್ಟಿತೆಂದು ಗೊತ್ತಾದ ಮೇಲೆ ಎದ್ದು ಚಪ್ಪಲಿ ಮೆಟ್ಟುವರು. ಊಟ ಮಾಡಿ ಹೋಗಿ ಎಂದು ನಾನು ಮದುವೆಯಾದ ಹೊಸತರಲ್ಲಿ ಒಂದು ಸಲ ಕರೆದೆ. "ಅಮ್ಮನ ತಿಥಿಗೆ ಮಗ ಗೆಸ್ಟ್ ಥರ ಉಣ್ಣೋದು ಬೇಡಮ್ಮ," ಎಂದರು. ಮತ್ತೆ ಕರೆಯಲಿಲ್ಲ.

ನಮ್ಮ ಮಾವ ಆಷಾಢದಲ್ಲಿ ಹೋದರು. ಅಜ್ಜಿಯ ತಿಥಿ ಕಾರ್ತಿಕದಲ್ಲಿ, ಮಳೆ ಜಡಿಯುವ ಕಾಲ. ನವರಾತ್ರಿ ಕಳೆದ ಮೇಲೆ ನಮ್ಮ ಆಚಾರ್ಯರು ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡು, ವಿಷಯ ಎತ್ತಿದರು. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ, ತಂದೆ ಹೋದ ವರ್ಷ ಇನ್ನೂ ತುಂಬಿಲ್ಲ. ಅದೂ ಅಲ್ಲದೆ ಮಗನೊಬ್ಬ ಬದುಕಿರುವಾಗ ಮೊಮ್ಮಗ ಮಾಡುವ ಹಾಗಿಲ್ಲ. "ಮಾಡಿದ್ರೆ ಬೆಸೆಂಟ್ ನಗರದಲ್ಲಿರೋ ನಿಮ್ಮ ದೊಡ್ಡಪ್ಪನೇ ಪ್ರಾಯಶ್ಚಿತ್ತ ಮಾಡ್ಕೊಂಡು ಮಾಡ್ಬೇಕು. ಇಲ್ದಿದ್ರೆ ಈ ವರ್ಷ ಆಕೆಗೆ ಇಲ್ಲ," ಎಂದರು.

ಆ ಭಾನುವಾರ ಇಬ್ಬರೂ ಬೆಸೆಂಟ್ ನಗರಕ್ಕೆ ಹೋದೆವು. ದೊಡ್ಡಮಾವನ ಮನೆ ಮೊದಲನೇ ಮಹಡಿ, ಬಾಲ್ಕನಿಯಲ್ಲಿ ನಿಂತರೆ ಮನೆಗಳ ಸಂದಿಯಲ್ಲಿ ಒಂದು ಗೇಣು ಸಮುದ್ರ ಕಾಣುತ್ತದೆ. ಎಂಬತ್ತೈದು ದಾಟಿದ್ದರೂ ತಾವೇ ಅನ್ನ ಮಾಡಿಕೊಳ್ಳುತ್ತಿದ್ದರು. ನಾವು ಹೋದಾಗ ಅಲ್ಲಿ ಇನ್ನೂ ಇಬ್ಬರು ಕೂತಿದ್ದರು. ಯಾವುದೋ ಸನ್ಮಾನ ಸಮಿತಿಯವರು. ದೊಡ್ಡಮಾವ ಹಾರಿ ಬಂದು ಇಳಿದ ದಿನಕ್ಕೆ ಸರಿಯಾಗಿ ಸಮಾರಂಭ, ಮಂತ್ರಿಗಳು ಒಪ್ಪಿದ್ದಾರೆ, ಸಭಾಂಗಣ ಗೊತ್ತಾಗಿದೆ ಎಂದು ಹೇಳಿ ಕಾಫಿ ಕುಡಿದು ಹೋದರು. ಇವರು ಮೊಬೈಲಿನಲ್ಲಿ ಪಂಚಾಂಗ ತೆಗೆದು ನೋಡಿ, ಪೆಚ್ಚಾಗಿ ನನಗೆ ತೋರಿಸಿದರು. ಸಮಿತಿಯವರು ಇಟ್ಟುಕೊಂಡದ್ದು ಇಂಗ್ಲಿಷ್ ತಾರೀಕು, ನಮ್ಮದು ತಿಥಿ. ಎರಡೂ ಆ ವರ್ಷ ಒಂದೇ ದಿನಕ್ಕೆ ಬಂದು ಕೂತಿದ್ದವು.

ಬಂದ ವಿಷಯ ಹೇಳಿದೆವು. ದೊಡ್ಡಮಾವ ಪೂರ್ತಿ ಕೇಳಿಸಿಕೊಂಡರು.

"ಆ ಹಾರಾಟ ದೋಷ ಅಂತ ನನ್ನ ಬಾಯಿಂದ ಬರ್ಬೇಕು, ಅಷ್ಟೇ ತಾನೆ?" ಎಂದರು. "ನೋಡಪ್ಪಾ. ನನ್ನ ಆಯುಸ್ಸಿನಲ್ಲಿ ನಾನು ಮಾಡಿದ್ದು ಅದೊಂದೇ ಕೆಲಸ. ಆಮೇಲೆ ಮಾಡಿದ್ದೆಲ್ಲಾ ಸಂಬಳಕ್ಕೆ ಮಾಡಿದ್ದು. ಅದೊಂದನ್ನೂ ತಪ್ಪು ಅಂದ್ಬಿಟ್ರೆ ನನ್ನ ಹತ್ರ ಉಳಿಯೋದೇನು?"

ನಾನು ತಂದಿದ್ದ ಡಬ್ಬಿಯಿಂದ ಹೆಸರುಬೇಳೆ ತೊವ್ವೆ ಬಗ್ಗಿಸಿಟ್ಟು, ಡಬ್ಬಿ ತೊಳೆದುಕೊಂಡು ಬಂದೆ.

ಆಮೇಲೆ ಮಳೆ ಹಿಡಿಯಿತು. ಚೆನ್ನೈನ ಐಪ್ಪಸಿ ತಿಂಗಳ ಮಳೆ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಬೀದಿಯಲ್ಲಿ ಮೊಣಕಾಲು ನೀರು, ಕೆಳಗಿನ ಮನೆಯವರ ಚಪ್ಪಲಿಗಳು ಬಕೆಟ್ಟಿನ ಜೊತೆ ತೇಲುತ್ತಿದ್ದವು. ಮಗಳು ಅದಿತಿಗೆ ಶಾಲೆ ರಜ. ಹಾಲಿನ ಪ್ಯಾಕೆಟ್ಟು ತರಲು ಇವರು ಪ್ಯಾಂಟು ಮಡಿಸಿ ಹೋಗುವರು, ಬಂದು ಡೆಟಾಲ್ ಹಾಕಿ ಕಾಲು ತೊಳೆಯುವರು. ಮಾವನ ಕನ್ನಡಕ, ಮಾವನ ಛತ್ರಿ, ಮಾವನ ರೈಲ್ವೆ ಕಾಲದ ಟಾರ್ಚು ಎಲ್ಲ ಇದ್ದಲ್ಲೇ ಇದ್ದವು. ನನಗೆ ಮಾತ್ರ ಒಂದು ಯೋಚನೆ ಹತ್ತಿಕೊಂಡಿತು. ನಾನು ಅಜ್ಜಿಯನ್ನು ನೋಡಿದವಳಲ್ಲ. ಆದರೂ ಇಷ್ಟು ವರ್ಷ ಅವರ ಹೆಸರಿನಲ್ಲಿ ವಡೆ ಕರಿದು, ಬಾಳೆಕಾಯಿ ಹೆಚ್ಚಿ, ಅವರು ನನ್ನ ಕೈಗೆ ಒಂದು ರೀತಿಯಲ್ಲಿ ಪರಿಚಯವಾಗಿಬಿಟ್ಟಿದ್ದರು. ಆ ಎಲೆ ಈ ವರ್ಷ ಬೀಳುವುದಿಲ್ಲ ಎಂದರೆ ಮನೆಯಲ್ಲಿ ಯಾರನ್ನೋ ಉಪವಾಸ ಕೆಡವಿದ ಹಾಗಿತ್ತು.

ಮಳೆ ಒಂದು ದಿನ ಬಿಡುವು ಕೊಟ್ಟಾಗ ಹುಳಿ, ಪಲ್ಯ ಕಟ್ಟಿಕೊಂಡು ಒಬ್ಬಳೇ ಬಸ್ಸಿನಲ್ಲಿ ಬೆಸೆಂಟ್ ನಗರಕ್ಕೆ ಹೋದೆ. ದೊಡ್ಡಮಾವ ಬಾಲ್ಕನಿಯಲ್ಲಿ ಕೂತು ಮೋಡ ನೋಡುತ್ತಿದ್ದರು. ಕಣ್ಣಿನಲ್ಲಿ ಪೊರೆ ಬೆಳೆದಿತ್ತು, ಆದರೆ ಗಾಳಿ ಮುಖಕ್ಕೆ ತಾಕುವುದರ ಮೇಲೆ ಮಳೆ ಎಷ್ಟು ಹೊತ್ತಿಗೆ ಬರುತ್ತದೆಂದು ಹೇಳುತ್ತಿದ್ದರು. ಅವರು ಹೇಳಿದ್ದು ಅರ್ಧ ಸಲ ತಪ್ಪಾಗುತ್ತಿತ್ತು, ಆಗ ಹವಾಮಾನ ಇಲಾಖೆಯನ್ನು ಬೈಯುತ್ತಿದ್ದರು.

ಊಟ ಮಾಡುತ್ತ ಇದ್ದಕ್ಕಿದ್ದ ಹಾಗೆ, ಅಜ್ಜಿಯ ತಿಥಿಗೆ ಏನೇನು ಮಾಡುತ್ತೀ ಎಂದು ಕೇಳಿದರು. ಹೇಳಿದೆ. ಮೆಣಸಿನಕಾಯಿ ಇಲ್ಲ, ಕರಿಮೆಣಸು. ಬಾಳೆಕಾಯಿ ಪಲ್ಯ, ಹಾಗಲಕಾಯಿ ಗೊಜ್ಜು. ಉದ್ದಿನ ವಡೆ, ಎಳ್ಳುಂಡೆ, ಪಾಯಸ. ಅವರು ಬಿಡಿಸಿ ಬಿಡಿಸಿ ಕೇಳಿದರು. ಪಿಂಡಕ್ಕೆ ಅನ್ನ ಯಾರು ಕಲಸುತ್ತಾರೆ, ಎಷ್ಟು ದೊಡ್ಡದು ಮಾಡುತ್ತಾರೆ, ಎಳ್ಳು ಒಳಗೋ ಮೇಲೋ. ಇಷ್ಟು ವರ್ಷ ತಿಥಿಗೆ ಬಂದವರಿಗೆ ಇದು ಗೊತ್ತಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು.

"ನಾನೆಲ್ಲಿ ನೋಡಿದೀನಿ ಪದ್ಮ?" ಎಂದರು. "ಪರದೆ ಆಚೆ ಕೂತಿರ್ತಿದ್ದೆ. ಎಳ್ಳು ಹುರಿಯೋ ವಾಸನೆ ಮಾತ್ರ ನನ್ನ ಪಾಲಿಗೆ ಬರ್ತಿತ್ತು."

ಅನ್ನದ ಮೇಲೆ ಮೊಸರು ಹಾಕಿಕೊಳ್ಳದೆ ಎದ್ದು ಕೈ ತೊಳೆದರು.

ಮನೆಗೆ ಬಂದು ಆಚಾರ್ಯರಿಗೆ ಫೋನ್ ಮಾಡಿದೆ. ಅವರು ಹಟದ ಮನುಷ್ಯರಲ್ಲ. ಅವರ ತಮ್ಮನೇ ಸಿಂಗಪುರದ ಒಂದು ದೇವಸ್ಥಾನದಲ್ಲಿ ಅರ್ಚಕ, ವರ್ಷಕ್ಕೊಂದು ಸಲ ವಿಮಾನದಲ್ಲಿ ಬರುತ್ತಾನೆ, ಬಂದ ಮರುದಿನ ಪ್ರಾಯಶ್ಚಿತ್ತ ಮಾಡಿಕೊಂಡು ಇಡ್ಲಿ ತಿನ್ನುತ್ತಾನೆ. ಸ್ವಲ್ಪ ಹೊತ್ತು ಯೋಚಿಸಿ ಒಂದು ದಾರಿ ಹೇಳಿದರು. ಸಂಕಲ್ಪದಲ್ಲಿ ಸಮುದ್ರದ ಹೆಸರೇ ಎತ್ತುವುದು ಬೇಡ. ತಿಳಿದೋ ತಿಳಿಯದೆಯೋ ಮಾಡಿದ ಎಲ್ಲ ಪಾಪ ಎಂದು ಒಟ್ಟಾರೆ ಹೇಳಿಸಿಬಿಡುತ್ತೇನೆ. ಯಾರ ಬದುಕಿನಲ್ಲಿ ತಾನೇ ಅಂಥದ್ದು ಇಲ್ಲ? "ಅದಕ್ಕೆ ಅವರು ಒಪ್ತಾರೆ ನೋಡಿಮ್ಮಾ. ಎರಡು ನಿಮಿಷದ ಕೆಲಸ," ಎಂದರು.

ಇವರು ದೊಡ್ಡಮಾವನಿಗೆ ಅದನ್ನು ತಿಳಿಸಿದರು. ಮರುದಿನ ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿ, "ಬರ್ತೀನಿ. ವಡೆ ಸ್ವಲ್ಪ ಮೆತ್ತಗೆ ಮಾಡು, ಹಲ್ಲಿಲ್ಲ," ಎಂದರು. ಸಮಾರಂಭದ ಗತಿ ಏನೆಂದು ಕೇಳಿದೆ. ಶ್ರಾದ್ಧ ಮಾಡಿದವರು ಆ ದಿನ ಹಾರ ಹಾಕಿಸಿಕೊಳ್ಳಬಾರದು, ಯಾರಿಂದಲೂ ಏನನ್ನೂ ತೆಗೆದುಕೊಳ್ಳಬಾರದು. ಸಮಿತಿಯವರು ಅತ್ತು ಕರೆದರಂತೆ, ಮಂತ್ರಿಗಳಿಗೆ ಬೇರೆ ದಿನ ಇಲ್ಲ. ನನ್ನ ಫೋಟೋ ಕುರ್ಚಿ ಮೇಲಿಡಿ, ಮಗ ಬಂದು ಶಾಲು ತಗೋತಾನೆ ಎಂದು ದೊಡ್ಡಮಾವ ಇತ್ಯರ್ಥ ಮಾಡಿಬಿಟ್ಟಿದ್ದರು. ಮಗ ಎಂದರೆ ನಮ್ಮ ಯಜಮಾನರು.

ಆ ದಿನ ಬೆಳಗಿನಿಂದಲೇ ಮಳೆ. ನಾನು ಒದ್ದೆ ಸೀರೆಯಲ್ಲಿ ಮಡಿಗೆ ನಿಂತಿದ್ದೆ. ಕರೆಸಿದ್ದ ಕಾರು ಬರಲಿಲ್ಲವೆಂದು ದೊಡ್ಡಮಾವ ಆಟೋದಲ್ಲಿ ಬಂದರು. ಮೊಣಕಾಲಿನವರೆಗೆ ಮಡಿಸಿದ ಪ್ಯಾಂಟು, ಮೇಲೆ ಹಳೆಯ ಮಳೆಕೋಟು, ಪ್ಲಾಸ್ಟಿಕ್ ಚೀಲದಲ್ಲಿ ಪಂಚೆ. ಅಭ್ಯಾಸಬಲದಿಂದ ಬೆತ್ತದ ಕುರ್ಚಿಯ ಕಡೆಗೇ ಹೋದವರು, ಅದರ ಬೆನ್ನು ಹಿಡಿದು ನಿಂತು, ನನ್ನ ಮುಖ ನೋಡಿದರು. ಅದಿತಿ ಬಚ್ಚಲುಮನೆ ತೋರಿಸಿ, "ತಾತಾ, ವೆನ್ನೀರ್ ರೆಡಿ," ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ತಮಿಳು. ಇವತ್ತು ಬಿಸಿನೀರು ಬೇಡ, ತಣ್ಣೀರೇ ಆಗಬೇಕು ಎಂದರು.

ಸ್ನಾನ ಮಾಡಿ, ಪಂಚೆಯುಟ್ಟು, ಮೈಮೇಲೆ ಗೋಪಿಚಂದನ ಇಟ್ಟುಕೊಂಡು ಬಂದಾಗ ನನಗೆ ಗುರುತೇ ಸಿಗಲಿಲ್ಲ. ಫೋಟೋಗಳಲ್ಲೆಲ್ಲ ಅವರು ಚರ್ಮದ ಕೋಟು, ಕಣ್ಣಿಗೆ ದೊಡ್ಡ ಕನ್ನಡಕ ಹಾಕಿದವರು. ಇಲ್ಲಿ ಪಕ್ಕೆಲುಬು ಕಾಣುವ ಒಬ್ಬ ಮುದುಕರು ಮಣೆಯ ಮೇಲೆ ಕೂರಲು ಗೋಡೆ ಹಿಡಿದುಕೊಂಡಿದ್ದರು. ಇವರು ತೋಳು ಕೊಟ್ಟು ಕೂರಿಸಿದರು.

ಜನಿವಾರ ಬದಲಾಯಿತು. ಪಂಚಗವ್ಯವನ್ನು ಮುಖ ಕಿವುಚದೆ ಕುಡಿದರು. ಆಚಾರ್ಯರು ಸಂಕಲ್ಪ ಶುರು ಮಾಡಿದರು. ಒಂದೊಂದು ತುಂಡು ಅವರು ಹೇಳುವುದು, ದೊಡ್ಡಮಾವ ಹಿಂದಿನಿಂದ ಹೇಳುವುದು. ಸಂವತ್ಸರ, ಮಾಸ, ಪಕ್ಷ, ತಿಥಿ. ಧ್ವನಿ ಚೆನ್ನಾಗಿತ್ತು. ನಾನು ವಡೆಯ ಹಿಟ್ಟಿಗೆ ಕೈ ಹಾಕಿ ಬಾಗಿಲಲ್ಲಿ ನಿಂತಿದ್ದೆ. ಜ್ಞಾತ ಅಜ್ಞಾತ ಪಾಪ ಎಂಬಲ್ಲಿಗೆ ಬಂದಾಗ ಆಚಾರ್ಯರು ಹೇಳಿದರು, ದೊಡ್ಡಮಾವ ಹೇಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಆಚಾರ್ಯರು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದರು. ಇವರು ನನ್ನ ಕಡೆ ನೋಡಿದರು. ಇಷ್ಟಕ್ಕೂ ಆಗಲಾರದೆಂದು ಈಗ ಎದ್ದುಬಿಡುತ್ತಾರೆ ಎಂದುಕೊಂಡೆ. ಒಲೆಯ ಮೇಲೆ ಪಾಯಸದ ಹಾಲು ಉಕ್ಕಿ ಬರುತ್ತಿತ್ತು, ನಾನು ಬಾಗಿಲು ಬಿಟ್ಟು ಹೋಗಲಿಲ್ಲ.

"ಇದು ಬೇಡ ಆಚಾರ್ರೆ," ಎಂದರು ದೊಡ್ಡಮಾವ. "ಅವಳು ಇದನ್ನ ಕೇಳಿರ್ಲಿಲ್ಲ. ಏನು ಕೇಳಿದ್ಲೋ ಅದನ್ನ ಹೇಳಿಸಿ."

ಆಚಾರ್ಯರು ಮೆಲ್ಲಗೆ, ಎರಡು ನಿಮಿಷದ ಕೆಲಸದ ಹಾಗೆ ಅಲ್ಲವೇ ಅಲ್ಲ, ಬಿಡಿಸಿ ಬಿಡಿಸಿ ಹೇಳಿಕೊಟ್ಟರು.

"ಸಮುದ್ರಯಾನ ದೋಷ ಪರಿಹಾರಾರ್ಥಂ."

ದೊಡ್ಡಮಾವ ಹೇಳಿದರು. ಪರದೆ ಆಚೆಯ ಕೋಣೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಒರೆಸಿ, ಹೊಸದಾಗಿ ಹಾಲಿಟ್ಟು, ಎಳ್ಳಿನ ಬಾಣಲೆ ಏರಿಸಿದೆ. ಮಿಕ್ಕಿದ್ದು ಎಲ್ಲ ಮನೆಗಳಲ್ಲಿ ನಡೆಯುವ ಹಾಗೆಯೇ ನಡೆಯಿತು. ಬ್ರಾಹ್ಮಣರಿಗೆ ಊಟವಾಯಿತು. ಪಿಂಡ ಕಟ್ಟುವಾಗ ದೊಡ್ಡಮಾವನ ಕೈಯಲ್ಲಿ ಅನ್ನ ಒಡೆಯುತ್ತಿತ್ತು. ಇವರು ಸಹಾಯಕ್ಕೆ ಕೈ ಚಾಚಿದಾಗ ತಲೆಯಾಡಿಸಿ ಬೇಡವೆಂದರು. ನಿಧಾನವಾಗಿ, ಮತ್ತೆ ಮತ್ತೆ ಒತ್ತಿ, ತಾವೇ ಕಟ್ಟಿದರು. ಎಳ್ಳು ಮೇಲೆ ಹಾಕಿದರು.

ಕಾಗೆಗೆಂದು ಟೆರೇಸಿಗೆ ಹೋದೆವು. ಮಳೆಯಲ್ಲಿ ಕಾಗೆ ಎಲ್ಲಿಂದ ಬರಬೇಕು? ಇವರು ಪಿಂಡದ ಎಲೆಯ ಮೇಲೆ ಮಾವನ ಛತ್ರಿ ಹಿಡಿದರು. ನಾನು ಇನ್ನೊಂದನ್ನು ದೊಡ್ಡಮಾವನ ತಲೆಯ ಮೇಲೆ ಹಿಡಿದೆ. ಅವರು ಮಂಜುಗಣ್ಣಿನಲ್ಲಿ ಆಕಾಶ ನೋಡುತ್ತ ನಿಂತರು. ಆಕಾಶದ ಜೊತೆ ಅವರಿಗೆ ಇದ್ದ ವ್ಯವಹಾರ ಎಂಥದ್ದು, ಆದರೂ ಆ ದಿನ ಒಂದು ಕಾಗೆಗೆ ಹೀಗೆ ಕಾಯಬೇಕಾಯಿತಲ್ಲ ಎನಿಸಿತು. ಎಷ್ಟೋ ಹೊತ್ತಿನ ಮೇಲೆ ನೀರಿನ ಟ್ಯಾಂಕಿನ ಹಿಂದಿನಿಂದ ನೆನೆದು ಅರ್ಧವಾಗಿದ್ದ ಒಂದು ಕಾಗೆ ಕುಪ್ಪಳಿಸಿ ಬಂತು. ಕೊಕ್ಕಿನಲ್ಲಿ ಕಚ್ಚಿಕೊಂಡು ಗಾಳಿಗೆ ಎದುರಾಗಿ ಏರಿತು.

"ಗಾಳಿಗೆ ಎದುರಾಗಿ ಹೋಯ್ತಾ?" ಎಂದು ಕೇಳಿದರು. ಹೌದು ಎಂದೆ. "ಸರಿಯಾಗಿ ಕಲಿತಿದೆ," ಎಂದರು.

ನಾವು ಎಲೆ ಹಾಕಿಕೊಂಡು ಕೂತಾಗ ಮಧ್ಯಾಹ್ನ ಮೀರಿತ್ತು. ದೊಡ್ಡಮಾವನ ಎಲೆಯನ್ನು ಪರದೆಯ ಒಳಗೆ, ದೇವರಮನೆಯ ಎದುರಿಗೆ ಹಾಕಿದೆ. ಅವರು ಉಣ್ಣುವುದು ಬಿಟ್ಟು ಸುತ್ತ ನೋಡುತ್ತಿದ್ದರು. ಅದಿತಿ ನನ್ನ ಕಿವಿಯ ಹತ್ತಿರ ಬಂದು, ತಾತ ಸುಮ್ಮನೆ ಸುಲಭದ್ದನ್ನೇ ಹೇಳಬಹುದಿತ್ತಲ್ಲ ಎಂದು ತಮಿಳಿನಲ್ಲಿ ಕೇಳಿದಳು. ಅದು ಅವರಿಗೆ ಕೇಳಿಸಿತು.

ಅವರು ಅವಳಿಗೆ ಹೇಳಿದರೋ ನನಗೆ ಹೇಳಿದರೋ ಗೊತ್ತಿಲ್ಲ. ಕನ್ನಡದಲ್ಲೇ ಹೇಳಿದರು.

"ಪೋರ್ಟ್ ಬ್ಲೇರ್ ಬಿಟ್ಟ ಮೇಲೆ ಬಹಳ ಹೊತ್ತು ನೆರಳು ಜೊತೆಗಿತ್ತು. ಬಲಗಡೆ, ನೀರಿನ ಮೇಲೆ, ನೊಣದಷ್ಟು. ಒಬ್ಬನೇ ಇದ್ದಾಗ ಅದೇ ದೊಡ್ಡ ಕಂಪನಿ ಕಣಮ್ಮ. ಆಮೇಲೆ ಮೋಡ ಬಂತು. ಒಳಗೆ ಹೋದ ಮೇಲೆ ನೆರಳೂ ಇಲ್ಲ, ನೀರೂ ಇಲ್ಲ. ಮೇಲೆ ಯಾವುದು ಕೆಳಗೆ ಯಾವುದು ತಿಳೀಲಿಲ್ಲ. ನಾನು ಕೂಗಿದೆ. ದೇವರು ದಿಂಡರು ಯಾರೂ ನೆನಪಾಗ್ಲಿಲ್ಲ. ಅಮ್ಮಾ ಅಂತ ಕೂಗಿದೆ. ಇದೊಂದು ಸಲ ಇಳಿಸಿಬಿಡು, ನೀನು ಏನ್ ಹೇಳಿದ್ರೂ ಕೇಳ್ತೀನಿ ಅಂದೆ. ಇಳಿದೆ. ಮನೆಗೆ ಬಂದ್ರೆ ಅವಳು ನೆರಳಿನ ಮಾತು ಎತ್ತಿದ್ಲು. ಅವಳಿಗೆ ಹೇಗೆ ಗೊತ್ತಾಯ್ತೋ. ಕೇಳಿದ್ದು ಒಂದೇ ಮಾತು, ಅದನ್ನ ನಾನು ಕೊಡಲಿಲ್ಲ."

"ಯಾಕೆ ದೊಡ್ಡಮಾವ?" ಎಂದೆ.

"ಕುತ್ತಿಗೆ ತುಂಬ ಹಾರ ಇತ್ತಲ್ಲ," ಎಂದರು. "ಎದುರಿಗೆ ಅಷ್ಟು ಜನ. ಹೆದರದವನು ಅಂತ ಕೂಗ್ತಾ ಇದ್ರು."

ಹಾರಿದ್ದು ತಪ್ಪೆಂದು ಈಗಲೂ ಅನಿಸುವುದಿಲ್ಲ, ಆದರೆ ಕೊಟ್ಟ ಮಾತು ಮಾತೇ ಎಂದು ಹೇಳಿ, ವಡೆಯನ್ನು ಮೊಸರಿನಲ್ಲಿ ಅದ್ದಿದರು. ಮೆತ್ತಗಿದೆ ಎಂದರು. ಎರಡನೇ ಸಲ ಬಡಿಸಿಕೊಂಡರು. ಪಾಯಸ ಸ್ವಲ್ಪ ತಳ ಹಿಡಿದಿತ್ತು, ಅದೂ ಖಾಲಿಯಾಯಿತು.

ಸಂಜೆ ಸಮಿತಿಯ ಕಾರು ಬಂತು. ಇವರು ಮದುವೆಗೆ ಹೊಲಿಸಿದ್ದ ಕೋಟು ಹಾಕಿಕೊಂಡು ಹೋದರು. ನಾನು ಪಾತ್ರೆಗಳನ್ನು ಉಜ್ಜಿ ಕವುಚಿದೆ. ದೊಡ್ಡಮಾವನಿಗೆ ಆ ರಾತ್ರಿ ಊಟವಿಲ್ಲ. ಹಾಲಾದರೂ ಕುಡಿಯಿರಿ ಎಂದರೆ, ಇಷ್ಟು ವರ್ಷಕ್ಕೆ ಒಂದು ದಿನ ನಿಯಮ ಹಿಡಿದಿದ್ದೇನೆ, ಕೆಡಿಸಬೇಡ ಎಂದು ನಕ್ಕರು. ಹಗಲು ಮಲಗುವ ಹಾಗಿಲ್ಲವೆಂದು ಕಷ್ಟಪಟ್ಟು ಕಣ್ಣು ತೆರೆದುಕೊಂಡು, ಅದಿತಿಗೆ ಮೋಡಗಳ ಇಂಗ್ಲಿಷ್ ಹೆಸರು ಹೇಳಿಕೊಡುತ್ತ ಕೂತಿದ್ದರು. ನಾನು ದೀಪ ಹಚ್ಚಿದೆ. ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಸಲು ಹೋದರೆ, ಚಾಪೆ ಸಾಕು, ಇಲ್ಲೇ ಹಾಸು ಎಂದರು. ಇಲ್ಲೇ ಎಂದರೆ ಪರದೆಯ ಒಳಗೆ, ಮಧ್ಯಾಹ್ನ ಎಲೆ ಹಾಕಿದ್ದ ಜಾಗದಲ್ಲಿ.

ಇವರು ಎಂಟರ ಹೊತ್ತಿಗೆ ಬಂದರು. ಕೈಯಲ್ಲಿ ಶಾಲು, ಒಂದು ದೊಡ್ಡ ಫಲಕ. ಅಲ್ಲಿ ಕುರ್ಚಿಯ ಮೇಲಿಟ್ಟಿದ್ದ ಫೋಟೋಗೆ ಯಾರೋ ಗಂಧದ ಹಾರ ಹಾಕಿಬಿಟ್ಟಿದ್ದರಂತೆ, ಬದುಕಿರುವವರಿಗೆ ಹಾಗೆ ಹಾಕಬಾರದೆಂದು ಇವರು ವೇದಿಕೆ ಹತ್ತಿ ತೆಗೆದರಂತೆ. ಮಂತ್ರಿಗಳು ಆಮೇಲೆ ಮಾತಾಡುವಾಗ ತಡವರಿಸಿದರಂತೆ. ಫಲಕವನ್ನು ದೀಪದ ಬೆಳಕಿಗೆ ಹಿಡಿದು ಓದಿದೆ. ಭಯವೆಂದರೇನೆಂದೇ ಅರಿಯದ ಧೀರ ಎಂದು ತಮಿಳಿನಲ್ಲಿ ಬಂಗಾರದ ಅಕ್ಷರದಲ್ಲಿ ಕೆತ್ತಿದ್ದರು. ಬೆಳಿಗ್ಗೆ ಕೊಟ್ಟರಾಯಿತೆಂದು ಅದನ್ನು ಬೆತ್ತದ ಕುರ್ಚಿಯ ಮೇಲೆ ಇಟ್ಟೆ.

ನಾವು ಮೂವರೂ ಅವಲಕ್ಕಿಗೆ ಮೊಸರು ಹಾಕಿ, ಉಪ್ಪಿನಕಾಯಿ ನೆಂಚಿಕೊಂಡು, ಸದ್ದಾಗದ ಹಾಗೆ ತಿಂದೆವು. ದೊಡ್ಡಮಾವ ಆಗಲೇ ಮಲಗಿದ್ದರು. ಆ ರಾತ್ರಿ ಮನೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವರು ಅವರೇ, ಪರದೆಯ ಒಳಗೆ, ಗೋಡೆಯ ಕಡೆಗೆ ತಿರುಗಿ, ತೋಳನ್ನೇ ದಿಂಬು ಮಾಡಿಕೊಂಡು.